ಜೋರು ಬೇರೆ, ಉಪದ್ರ ಬೇರೆ: ಆಫೀಸಿನ ತಲೆಬಿಸಿ ಎಲ್ಲಿಂದ ಬರುತ್ತದೆ?

ಸೋಮವಾರ ಬೆಳಿಗ್ಗೆ ಉಡುಪಿಯಿಂದ ಮಂಗಳೂರಿಗೆ ಹೊರಟ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಪಡುಬಿದ್ರಿಯವರೆಗೆ ನನಗೆ ಏನೂ ಆಗುತ್ತಿರಲಿಲ್ಲ. ಮೂಲ್ಕಿ ದಾಟಿದರೂ ಪರವಾಗಿಲ್ಲ. ಸುರತ್ಕಲ್ ಬಂತೆಂದರೆ ಹೊಟ್ಟೆ ಹಿಂಡಲು ಶುರು. ಬಸ್ಸು ಕೂಳೂರು ಸೇತುವೆ ಹತ್ತುವಾಗ ಅಂಗೈ ಒದ್ದೆಯಾಗಿರುತ್ತಿತ್ತು. ಕಿಟಕಿಯ ಸರಳು ಹಿಡಿದರೆ ಜಾರುತ್ತಿತ್ತು.

ಆಗ ನನಗೆ 32 ವರ್ಷ. ಮಂಗಳೂರಿನ ಒಂದು ಹಣಕಾಸು ಕಚೇರಿಯಲ್ಲಿ ಕೆಲಸ. ಸೋಮವಾರ ಒಂಬತ್ತೂವರೆಗೆ ಮೀಟಿಂಗ್. ಗೋಡೆಯ ಮೇಲೆ ಎಕ್ಸೆಲ್ ಶೀಟ್. ಟಾರ್ಗೆಟ್ ಮುಟ್ಟದವರ ಸಾಲಿಗೆ ಕೆಂಪು ಬಣ್ಣ. ಕೆಂಪು ಸಾಲು ನಾಲ್ಕೈದು ಜನರದ್ದು ಇರುತ್ತಿತ್ತು. ಆದರೆ ಎದ್ದು ನಿಲ್ಲಬೇಕಾದದ್ದು ನಾನೊಬ್ಬನೇ. ನನ್ನ ಅಂಕಿಯನ್ನು ನಾನೇ ಓದಬೇಕು. ಓದಿದ ಮೇಲೆ ಮೇಲಧಿಕಾರಿ ಹೇಳುತ್ತಿದ್ದರು, ‘ಕೇಳಿಸ್ಲಿಲ್ಲ, ಇನ್ನೊಮ್ಮೆ.’ ಮತ್ತೆ ಓದಬೇಕು. ಆ ಹೊತ್ತಿಗೆ ಉಳಿದ ಹನ್ನೊಂದು ಜನ ತಮ್ಮ ತಮ್ಮ ಪೆನ್ನು ನೋಡುತ್ತಿದ್ದರು. ಪೆನ್ನಿನ ಮುಚ್ಚಳ ತೆಗೆದು ಹಾಕುವ ಟಿಕ್ ಟಿಕ್ ಸದ್ದು ನನಗೆ ಈಗಲೂ ಕೇಳಿಸುತ್ತದೆ.

ಏಳು ತಿಂಗಳು ಹೀಗೇ ನಡೆಯಿತು. ಎದೆಯುರಿ ಎಂದು ಒಂದು ಶನಿವಾರ ಸಂಜೆ ಉಡುಪಿಯಲ್ಲಿ ಡಾಕ್ಟರ ಹತ್ತಿರ ಹೋದೆ. ಅವರು ಬಿಪಿ ನೋಡಿದರು, 150/100. ಹತ್ತು ನಿಮಿಷ ಸುಮ್ನೆ ಕೂರಿಸಿ ಮತ್ತೆ ನೋಡಿದರು. ಹೆಚ್ಚು ಕಡಿಮೆ ಅಷ್ಟೇ.

‘ಎಂತ ಕೆಲಸ ನಿಮ್ಮದು?’ ಎಂದು ಕೇಳಿದರು. ಹೇಳಿದೆ. ‘ಭಾನುವಾರ ರಾತ್ರಿ ನಿದ್ರೆ ಬರ್ತದಾ?’

ಆ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಗಂಟಲು ಕಟ್ಟಿತ್ತು.

ಮನೆಯಲ್ಲಿ ಅಮ್ಮ, ‘ಕೆಲಸ ಜಾಸ್ತಿ ಆಯ್ತು ಇವನಿಗೆ’ ಎಂದರು. ಎಲ್ಲರೂ ಹೇಳುವುದು ಅದನ್ನೇ, ಅಲ್ವಾ? ಕೆಲಸದ ಒತ್ತಡ, ವರ್ಕ್ ಪ್ರೆಶರ್, ಟೆನ್ಶನ್. ಆದರೆ ನನಗೆ ಕೆಲಸ ಜಾಸ್ತಿ ಆಗಿರಲಿಲ್ಲ. ಅದೇ ಆಫೀಸಿನಲ್ಲಿ ಹಿಂದಿನ ವರ್ಷ ಮಾರ್ಚ್ ಕೊನೆಗೆ ಲೆಕ್ಕ ಮುಗಿಸಲು ರಾತ್ರಿ ಹನ್ನೊಂದರವರೆಗೆ ಕೂತಿದ್ದೆವು. ಯಾರೋ ಹಂಪನಕಟ್ಟೆಯಿಂದ ಪಾರ್ಸೆಲ್ ತಂದರು. ಕಂಪ್ಯೂಟರ್ ಪಕ್ಕದಲ್ಲೇ ಪೇಪರ್ ಹಾಸಿ ತಿಂದೆವು. ಕೊನೆಯ ಬಸ್ಸು ತಪ್ಪಿತು, ಸಹೋದ್ಯೋಗಿಯ ಮನೆಯಲ್ಲಿ ಮಲಗಿದೆ. ಮೈ ನುಚ್ಚುನೂರಾಗಿತ್ತು. ಆದರೆ ತಲೆ ಇಟ್ಟ ಕೂಡಲೇ ನಿದ್ರೆ ಬಂತು.

ಹನ್ನೊಂದು ಗಂಟೆಯವರೆಗೆ ದುಡಿದ ದಿನ ಬಂದ ನಿದ್ರೆ, ಐದೂವರೆಗೆ ಮನೆಗೆ ಹೊರಟ ದಿನ ಬರಲಿಲ್ಲ. ಹಾಗಾದರೆ ನಿದ್ರೆ ಕೆಡಿಸಿದ್ದು ಕೆಲಸ ಅಲ್ಲ, ಬೇರೆ ಏನೋ. ಈ ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದಲೇ ನಮಗೆ ಪರಿಹಾರ ಸಿಗುತ್ತಿಲ್ಲ ಎಂಬುದು ನನ್ನ ಅಭಿಪ್ರಾಯ.

ನಮ್ಮ ಕರಾವಳಿಯ ಮಾತಿನಲ್ಲಿ ಈ ವ್ಯತ್ಯಾಸಕ್ಕೆ ಪದಗಳೇ ಉಂಟು. ‘ಜೋರು ಮಾಡಿದರು’ ಅಂದರೆ ಗದರಿದರು. ‘ಉಪದ್ರ ಕೊಡ್ತಾರೆ’ ಅಂದರೆ ಬೇರೆಯೇ ಅರ್ಥ, ಬಿಡದೆ ಪೀಡಿಸುತ್ತಾರೆ ಎಂದು. ಬಡ್ಡಿಯ ಲೆಕ್ಕ ತಪ್ಪಿದಾಗ ಮೇಲಧಿಕಾರಿ ಬೈದರೆ ಅದು ಜೋರು. ತಪ್ಪು ಸರಿಯಾದ ಮೇಲೆ ಅದು ಮುಗಿಯುತ್ತದೆ, ಮಧ್ಯಾಹ್ನ ಒಟ್ಟಿಗೆ ಊಟಕ್ಕೂ ಕೂರಬಹುದು. ಉಪದ್ರ ಮುಗಿಯುವುದಿಲ್ಲ. ಅದಕ್ಕೆ ತಪ್ಪು ಬೇಕೆಂದೂ ಇಲ್ಲ.

ಈ ವಿಷಯವನ್ನು ಮೊದಲು ವ್ಯವಸ್ಥಿತವಾಗಿ ಅಧ್ಯಯನ ಮಾಡಿದವರಲ್ಲಿ ಒಬ್ಬರು ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಹೈನ್ಜ್ ಲೇಮನ್. 1980ರ ದಶಕದಲ್ಲಿ ಅವರು ಇಂಥ 45 ಬಗೆಯ ವರ್ತನೆಗಳನ್ನು ಪಟ್ಟಿ ಮಾಡಿದರು. ಅವರ ಅಳತೆ ಹೀಗಿತ್ತು: ವಾರಕ್ಕೆ ಒಂದು ಸಲವಾದರೂ ನಡೆಯಬೇಕು, ಕನಿಷ್ಠ ಆರು ತಿಂಗಳು ನಡೆದಿರಬೇಕು. ಮುಂದೆ ನಾರ್ವೆಯ ಸ್ಟೋಲೆ ಐನಾರ್ಸೆನ್ ಮತ್ತು ಅವರ ಸಂಗಡಿಗರು ಇನ್ನೊಂದು ಅಂಶಕ್ಕೆ ಒತ್ತು ಕೊಟ್ಟರು. ಅನುಭವಿಸುವವನಿಗೆ ಎದುರು ನಿಲ್ಲುವ ಶಕ್ತಿ ಇಲ್ಲದಿರುವುದು. ಸಮಾನರ ನಡುವಿನ ಜಗಳ ಎಷ್ಟೇ ಜೋರಿದ್ದರೂ ಅದು ಜಗಳ. ಒಬ್ಬರ ಕೈಯಲ್ಲಿ ರಜೆ, ಇನ್‌ಕ್ರಿಮೆಂಟ್, ವರ್ಗಾವಣೆ ಎಲ್ಲ ಇದ್ದು ಇನ್ನೊಬ್ಬರ ಕೈಯಲ್ಲಿ ಏನೂ ಇಲ್ಲದಿದ್ದರೆ ಅದು ಉಪದ್ರ.

ಕಿರುಚುವುದು ಮಾತ್ರ ಉಪದ್ರ ಎಂದುಕೊಳ್ಳಬೇಡಿ. ನಾನು ಕಂಡ ಅತಿ ಕ್ರೂರ ಉಪದ್ರದಲ್ಲಿ ಒಂದೂ ದೊಡ್ಡ ಮಾತಿರಲಿಲ್ಲ. ಪರಿಚಯದ ಒಬ್ಬ ಹೆಣ್ಣುಮಗಳಿಗೆ ಹೆರಿಗೆ ರಜೆಯಿಂದ ಬಂದ ಮೇಲೆ ಕೆಲಸವನ್ನೇ ಕೊಡಲಿಲ್ಲ. ಅವಳನ್ನು ವಾಟ್ಸ್‌ಆ್ಯಪ್ ಗ್ರೂಪಿನಿಂದ ತೆಗೆದರು. ಮೀಟಿಂಗಿಗೆ ಕರೆಯುವುದು ನಿಂತಿತು. ದಿನವಿಡೀ ಖಾಲಿ ಮೇಜಿನ ಮುಂದೆ ಕೂತು ಸಂಜೆ ಮನೆಗೆ ಹೋಗಬೇಕು. ‘ಕೆಲಸ ಇಲ್ಲದೆ ಸಂಬಳ ಬರ್ತದಲ್ಲ, ಪುಣ್ಯ ಮಾಡಿದ್ದೀ’ ಎಂದು ನೆಂಟರು ಹೇಳುತ್ತಿದ್ದರಂತೆ. ನಾಲ್ಕು ತಿಂಗಳಲ್ಲಿ ಅವಳ ಕೂದಲು ಗೊಂಚಲು ಗೊಂಚಲಾಗಿ ಉದುರಿತು.

ಐದು ಮುಕ್ಕಾಲಿಗೆ ಹೊಸ ಕೆಲಸ ಕೊಟ್ಟು ಬಸ್ಸು ತಪ್ಪಿಸುವುದು, ಮನೆಯ ದೈವದ ನೇಮಕ್ಕೆ ಎರಡು ತಿಂಗಳ ಮೊದಲೇ ಕೇಳಿದ ರಜೆಯನ್ನು ಹಿಂದಿನ ದಿನ ರದ್ದು ಮಾಡುವುದು, ಇಂಗ್ಲಿಷ್ ಉಚ್ಚಾರವನ್ನು ಎಲ್ಲರೆದುರು ಅಣಕಿಸುವುದು, ಇವೂ ಇದೇ ಜಾತಿಯವು. ಬಿಡಿಬಿಡಿಯಾಗಿ ನೋಡಿದರೆ ಎಲ್ಲ ಚಿಕ್ಕ ವಿಷಯ. ದೂರು ಕೊಡಲು ಹೋದರೆ ‘ಇಷ್ಟಕ್ಕೆಲ್ಲ ಕಂಪ್ಲೇಂಟಾ?’ ಎನ್ನುತ್ತಾರೆ.

ಈಗ ದೇಹದ ವಿಷಯಕ್ಕೆ ಬರೋಣ. 1993ರಲ್ಲಿ ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಒಂದು ಪರೀಕ್ಷೆ ರೂಪಿಸಿದರು. ಒತ್ತಡದ ಸಂಶೋಧನೆಗೆ ಇದನ್ನು ಈಗಲೂ ಬಳಸುತ್ತಾರೆ. ಒಬ್ಬ ಆರೋಗ್ಯವಂತನನ್ನು ಕೆಲವು ತೀರ್ಪುಗಾರರ ಎದುರು ನಿಲ್ಲಿಸುತ್ತಾರೆ. ತಾನು ಈ ಕೆಲಸಕ್ಕೆ ಯಾಕೆ ಸರಿ ಎಂದು ಅವನು ಐದು ನಿಮಿಷ ಹೇಳಬೇಕು. ಆಮೇಲೆ ನಾಲ್ಕಂಕಿಯ ಒಂದು ಸಂಖ್ಯೆಯಿಂದ 13 ಕಳೆಯುತ್ತಾ ಗಟ್ಟಿಯಾಗಿ ಹೇಳುತ್ತಾ ಹೋಗಬೇಕು. ತಪ್ಪಿದರೆ ಮತ್ತೆ ಮೊದಲಿನಿಂದ. ತೀರ್ಪುಗಾರರು ನಗುವಂತಿಲ್ಲ, ತಲೆಯಾಡಿಸುವಂತಿಲ್ಲ. ಇಷ್ಟೇ ಪರೀಕ್ಷೆ. ಯಾರೂ ಹೊಡೆಯುವುದಿಲ್ಲ, ಬೈಯುವುದಿಲ್ಲ. ಆದರೂ ಹೆಚ್ಚಿನವರ ಎದೆಬಡಿತ ಏರುತ್ತದೆ, ಒತ್ತಡದ ಹಾರ್ಮೋನು ಕಾರ್ಟಿಸೋಲ್ ಮೇಲೆ ಹೋಗುತ್ತದೆ.

ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಕೆಳಗಿಟ್ಟೆ. ಪ್ರಯೋಗಾಲಯದಲ್ಲಿ ಒಂದು ಸಲ, ಒಪ್ಪಿಗೆ ಪಡೆದು, ಹತ್ತೇ ನಿಮಿಷ ಮಾಡುವ ಕೆಲಸವನ್ನು ನನಗೆ ಪ್ರತಿ ಸೋಮವಾರ ಮಾಡುತ್ತಿದ್ದರು. ‘ಕೇಳಿಸ್ಲಿಲ್ಲ, ಇನ್ನೊಮ್ಮೆ.’

ಇಂಥ 208 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ಇಬ್ಬರು ಅಮೆರಿಕನ್ ಸಂಶೋಧಕಿಯರು 2004ರಲ್ಲಿ ವಿಶ್ಲೇಷಿಸಿದರು. ಕಾರ್ಟಿಸೋಲ್ ಅತಿ ಹೆಚ್ಚು ಏರುವುದು ಯಾವಾಗ? ಎರಡು ಸಂಗತಿ ಸೇರಿದಾಗ. ಒಂದು, ನಾಲ್ಕು ಜನರ ಮುಂದೆ ಮಾನ ಹೋಗುವ ಭಯ. ಇನ್ನೊಂದು, ಏನು ಮಾಡಿದರೂ ಪರಿಸ್ಥಿತಿ ಬದಲಾಗದು ಎಂಬ ಅಸಹಾಯಕತೆ. ಕೆಲಸ ಕಷ್ಟದ್ದು ಎಂಬುದೊಂದೇ ಕಾರಣಕ್ಕೆ ಅಷ್ಟು ಏರುವುದಿಲ್ಲ. ನಮ್ಮಲ್ಲಿ ಹಿರಿಯರು ‘ಮಾನ ಹೋದ ಮೇಲೆ ಎಂತ ಉಂಟು’ ಎನ್ನುವುದು ಬರೀ ಅಭಿಮಾನದ ಮಾತಲ್ಲ. ರಕ್ತದಲ್ಲೂ ಅದು ಕಾಣಿಸುತ್ತದೆ.

ಅಸಹಾಯಕತೆಯ ವಿಷಯವನ್ನು ಇನ್ನೊಂದು ದಿಕ್ಕಿನಿಂದ ತೋರಿಸಿದ್ದು ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ ನಡೆದ ವೈಟ್‌ಹಾಲ್ ಅಧ್ಯಯನ. 1967ರಲ್ಲಿ ಶುರುವಾದದ್ದು. ಜವಾಬ್ದಾರಿ ಹೆಚ್ಚಿರುವ ದೊಡ್ಡ ಸಾಹೇಬರಿಗೇ ಹೃದಯಾಘಾತ ಜಾಸ್ತಿ ಎಂದು ಆಗ ಜನ ನಂಬಿದ್ದರು. ಅಂಕಿಗಳು ಉಲ್ಟಾ ಹೇಳಿದವು. ಕೆಳಗಿನ ಹುದ್ದೆಯವರೇ ಹೆಚ್ಚು ಸಾಯುತ್ತಿದ್ದರು. 1985ರಲ್ಲಿ ಶುರುವಾದ ಎರಡನೇ ಸುತ್ತಿನಲ್ಲಿ ಒಂದು ಮುಖ್ಯ ಕಾರಣವೂ ಹೊಳೆಯಿತು. ತನ್ನ ಕೆಲಸದ ಮೇಲೆ ತನಗೆ ಹಿಡಿತ ಇಲ್ಲದಿರುವುದು. ಯಾವಾಗ ಏನು ಬಂದು ಮೇಲೆ ಬೀಳುತ್ತದೋ ಗೊತ್ತಿಲ್ಲದೆ ಬದುಕುವುದು.

ಉಪದ್ರದ ಬಗ್ಗೆಯೇ ನೇರವಾಗಿ ಕೇಳಿದ ಅಧ್ಯಯನಗಳೂ ಇವೆ. ಡೆನ್ಮಾರ್ಕ್ ಮತ್ತು ಸ್ವೀಡನ್ನಿನ 79,201 ಉದ್ಯೋಗಿಗಳ ಮಾಹಿತಿ ಸೇರಿಸಿ 2018ರಲ್ಲಿ ಒಂದು ವರದಿ ಬಂತು. ಶುರುವಿನಲ್ಲಿ ಇವರಲ್ಲಿ ಯಾರಿಗೂ ಹೃದ್ರೋಗ ಇರಲಿಲ್ಲ. ಸುಮಾರು ಶೇ. 9ರಷ್ಟು ಜನ ಆಫೀಸಿನಲ್ಲಿ ಉಪದ್ರ ಉಂಟು ಎಂದಿದ್ದರು. ವರ್ಷಗಳ ನಂತರ ನೋಡಿದರೆ, ಅವರಿಗೆ ಹೃದಯ ಮತ್ತು ಮಿದುಳಿನ ರಕ್ತನಾಳದ ಕಾಯಿಲೆ ಬರುವ ಅಪಾಯ ಉಳಿದವರಿಗಿಂತ ಶೇ. 59ರಷ್ಟು ಹೆಚ್ಚಿತ್ತು. ಇದರಿಂದ ಉಪದ್ರವೇ ಕಾಯಿಲೆ ತಂದಿತು ಎಂದು ಖಡಾಖಂಡಿತವಾಗಿ ಹೇಳಲು ಬರುವುದಿಲ್ಲ. ಆದರೆ ಇಷ್ಟು ಜನರಲ್ಲಿ ಇಷ್ಟು ಸ್ಪಷ್ಟವಾಗಿ ಕಂಡ ಸಂಬಂಧವನ್ನು ತಳ್ಳಿಹಾಕುವುದೂ ಸರಿಯಲ್ಲ.

ಇಲ್ಲಿ ಒಂದು ಸೂಕ್ಷ್ಮ ಉಂಟು. ಫಿನ್ಲೆಂಡಿನ ಆಸ್ಪತ್ರೆ ಉದ್ಯೋಗಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಉಪದ್ರ ಹೆಚ್ಚು ದಿನ ನಡೆದವರಿಗೆ ಖಿನ್ನತೆ ಹೆಚ್ಚು ಎಂದು ಕಂಡಿತು. ಅದರ ಜೊತೆಗೆ, ಮೊದಲೇ ಖಿನ್ನತೆ ಇದ್ದವರು ಉಪದ್ರಕ್ಕೆ ಗುರಿಯಾಗುವುದೂ ಜಾಸ್ತಿ ಎಂದು ಕಂಡಿತು. ಅಂದರೆ ಎರಡೂ ಕಡೆಯಿಂದ ಬಾಗಿಲು ತೆರೆದಿದೆ. ನಿದ್ರೆ ಕೆಟ್ಟವನು ಕೆಲಸದಲ್ಲಿ ತಪ್ಪು ಮಾಡುತ್ತಾನೆ. ತಪ್ಪು ಮಾಡಿದವನು ಸುಲಭವಾಗಿ ಸಿಕ್ಕಿಬೀಳುತ್ತಾನೆ. ಸಿಕ್ಕಿಬಿದ್ದವನ ನಿದ್ರೆ ಇನ್ನೂ ಕೆಡುತ್ತದೆ. ಐದನೇ ತಿಂಗಳಿನಲ್ಲಿ ನನ್ನ ಕೆಲಸ ನಿಜಕ್ಕೂ ಕೆಟ್ಟಿತ್ತು. ಗ್ರಾಹಕರೊಬ್ಬರ ಖಾತೆ ನಂಬರಿನ ಎರಡು ಅಂಕಿ ಅದಲುಬದಲು ಮಾಡಿದ್ದೆ. ‘ನೋಡಿ, ನಾನು ಹೇಳಿದ್ದೇ ಸರಿಯಾಯ್ತಲ್ಲ’ ಎಂದರು ಮೇಲಧಿಕಾರಿ. ನನಗೂ ಅವರು ಹೇಳಿದ್ದೇ ಸರಿ ಅನಿಸಿಬಿಟ್ಟಿತು. ಉಪದ್ರದ ಅತಿ ದೊಡ್ಡ ಹಾನಿ ಇದೇ ಇರಬೇಕು.

ಇನ್ನು ಉಪದ್ರ ಕೊಡುವವರು. ಅವರೆಲ್ಲ ಹುಟ್ಟಾ ಕೆಟ್ಟವರು ಎಂದು ನಾನು ನಂಬುವುದಿಲ್ಲ. ಸೋಮವಾರ ಒಂಬತ್ತೂವರೆಗೆ ನನ್ನನ್ನು ನಿಲ್ಲಿಸುತ್ತಿದ್ದವರು ಒಂಬತ್ತು ಗಂಟೆಗೆ ವಿಡಿಯೋ ಕಾಲ್‌ನಲ್ಲಿ ತಾವೇ ನಿಲ್ಲುತ್ತಿದ್ದರು. ಗಾಜಿನ ಬಾಗಿಲಿನಾಚೆ ಅವರ ಬೆನ್ನು ಕಾಣುತ್ತಿತ್ತು. ಕರವಸ್ತ್ರದಲ್ಲಿ ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು. 2023ರ ಜೂನ್‌ನಲ್ಲಿ ಕೋಲ್ಕತ್ತಾದ ಬ್ಯಾಂಕ್ ಅಧಿಕಾರಿಯೊಬ್ಬರು ಆನ್‌ಲೈನ್ ಮೀಟಿಂಗಿನಲ್ಲಿ ಸಿಬ್ಬಂದಿಯ ಮೇಲೆ ಕಿರುಚಿದ ವಿಡಿಯೋ ದೇಶವೆಲ್ಲ ಹರಿದಾಡಿತು. ಬ್ಯಾಂಕು ಅವರನ್ನು ಸಸ್ಪೆಂಡ್ ಮಾಡಿತು. ಅವರ ತಲೆಯ ಮೇಲೆ ಕೂತಿದ್ದ ಟಾರ್ಗೆಟ್ ಬಗ್ಗೆ ಮಾತಾಡಿದವರು ಕಡಿಮೆ. ನೀರು ಇಳಿಜಾರಿಗೆ ಹರಿದಂತೆ ಈ ಒತ್ತಡ ಮೇಲಿನಿಂದ ಕೆಳಗೆ ಹರಿಯುತ್ತದೆ, ಕೊನೆಗೆ ಕೌಂಟರಿನಲ್ಲಿ ಕೂತವರ ಹತ್ತಿರ ಬಂದು ನಿಲ್ಲುತ್ತದೆ.

ದಕ್ಷಿಣ ಕನ್ನಡ, ಉಡುಪಿ, ನಮ್ಮ ಈ ಎರಡು ಜಿಲ್ಲೆಗಳಿಗೆ ಇದು ಮನೆಯ ವಿಷಯ. ಕೆನರಾ ಬ್ಯಾಂಕ್ 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿತು, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕ್. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. 1928ರಲ್ಲಿ ಶುರುವಾದ ಪಿಗ್ಮಿ ಠೇವಣಿಯಲ್ಲಿ ಏಜೆಂಟರು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ತೆಗೆದುಕೊಂಡು ಹೋಗುತ್ತಿದ್ದರು. ಊರಿನವರ ನಂಬಿಕೆಯ ಮೇಲೆ ನಿಂತ ಕೆಲಸ ಅದು. ಇಲ್ಲಿ ಎಷ್ಟೋ ಮನೆಗಳಲ್ಲಿ ಅಪ್ಪನೋ ಅತ್ತೆಯೋ ಬ್ಯಾಂಕಿನಲ್ಲಿದ್ದವರು. ಈಗ ಹಣಕಾಸು ಕ್ಷೇತ್ರದ ಕೆಲಸವೇ ಬದಲಾಗಿದೆ. ಪೆನ್ಶನ್ ತೆಗೆಯಲು ಬಂದ ಅಜ್ಜಿಗೆ ವಿಮೆ ಮಾರಬೇಕು. ಮಾರದಿದ್ದರೆ ಸಂಜೆ ಗ್ರೂಪಿನಲ್ಲಿ ಹೆಸರು ಬೀಳುತ್ತದೆ. ಮನಸ್ಸು ಒಪ್ಪದ ಕೆಲಸವನ್ನು ಮಾನ ಉಳಿಸಿಕೊಳ್ಳಲು ಮಾಡಬೇಕಾಗುತ್ತದೆ. ಆ ಸಂಕಟವೂ ತಲೆಬಿಸಿಯ ಲೆಕ್ಕಕ್ಕೇ ಸೇರುತ್ತದೆ.

ವರ್ಗಾವಣೆಯ ಭಯ ಇನ್ನೊಂದು. 2019 ಮತ್ತು 2020ರ ಏಪ್ರಿಲ್ 1ರಂದು ನಮ್ಮ ಮೂರು ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ಹೆಸರು, ವ್ಯವಸ್ಥೆ, ಕೆಲಸದ ರೀತಿ ಎಲ್ಲ ಒಟ್ಟಿಗೆ ಬದಲಾದಾಗ ಜನ ಎಷ್ಟು ಅಸಹಾಯಕರಾಗಬಹುದು ಎಂಬುದಕ್ಕೆ ದೂರದ ಒಂದು ಉದಾಹರಣೆ ನೋಡಿ. ಫ್ರಾನ್ಸಿನ ಸರ್ಕಾರಿ ದೂರವಾಣಿ ಸಂಸ್ಥೆ ಖಾಸಗಿಯಾದ ಮೇಲೆ 22,000 ಜನರನ್ನು ಕಡಿಮೆ ಮಾಡಲು ಹೊರಟಿತು. ನೌಕರರನ್ನು ಸುಲಭವಾಗಿ ತೆಗೆಯುವ ಹಾಗಿರಲಿಲ್ಲ. ಹಾಗಾಗಿ ಅವರೇ ಬಿಟ್ಟುಹೋಗುವಂತೆ ಮಾಡಲಾಯಿತು. ಬಲವಂತದ ವರ್ಗಾವಣೆ, ಅರ್ಥವಿಲ್ಲದ ಕೆಲಸ. ಹಲವು ಉದ್ಯೋಗಿಗಳು ಆತ್ಮಹತ್ಯೆ ಮಾಡಿಕೊಂಡರು. 2019ರ ಡಿಸೆಂಬರ್‌ನಲ್ಲಿ ಪ್ಯಾರಿಸ್ಸಿನ ನ್ಯಾಯಾಲಯ ಕಂಪನಿಗೂ ಅದರ ಮಾಜಿ ಮುಖ್ಯಸ್ಥರಿಗೂ ಶಿಕ್ಷೆ ಕೊಟ್ಟಿತು. ಒಬ್ಬ ಮ್ಯಾನೇಜರನ ಕೋಪಕ್ಕಲ್ಲ, ಇಡೀ ಸಂಸ್ಥೆಯ ನೀತಿಗೆ ಕೊಟ್ಟ ಶಿಕ್ಷೆ ಅದು. ಉಪದ್ರ ಬರೀ ವ್ಯಕ್ತಿಯ ಗುಣವಲ್ಲ, ವ್ಯವಸ್ಥೆಯ ಗುಣವೂ ಹೌದು ಎಂದು ಅಲ್ಲಿ ಕಾನೂನೇ ಒಪ್ಪಿತು.

ನಮ್ಮ ಕಾನೂನು ಎಲ್ಲಿದೆ? ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆ ಉಂಟು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಚಿಕ್ಕ ಕಚೇರಿಯವರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬಹುದು. ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಜಾತಿ ನಿಂದನೆಗೆ 1989ರ ದೌರ್ಜನ್ಯ ತಡೆ ಕಾಯ್ದೆ ಉಂಟು. ಆದರೆ ಲೈಂಗಿಕವೂ ಅಲ್ಲದ, ಜಾತಿಯದ್ದೂ ಅಲ್ಲದ ದಿನನಿತ್ಯದ ಉಪದ್ರಕ್ಕೆಂದೇ ನಮ್ಮಲ್ಲಿ ಕಾಯ್ದೆ ಇಲ್ಲ. ಮೇಲಧಿಕಾರಿ ಕೆಲಸದ ವಿಷಯದಲ್ಲಿ ಗದರಿದ್ದು ಕ್ರಿಮಿನಲ್ ಅಪರಾಧವಾಗದು ಎಂದು ಸುಪ್ರೀಂ ಕೋರ್ಟ್ 2025ರ ಫೆಬ್ರವರಿಯಲ್ಲಿ ಒಂದು ಪ್ರಕರಣದಲ್ಲಿ ಹೇಳಿತು. ಅದು ಸರಿಯೇ. ಜೋರು ಮಾಡಿದವರನ್ನೆಲ್ಲ ಪೊಲೀಸ್ ಠಾಣೆಗೆ ಎಳೆದರೆ ಯಾವ ಆಫೀಸೂ ನಡೆಯದು. ನಮಗೆ ಬೇಕಾದದ್ದು ಉಪದ್ರಕ್ಕೆ ಬೇರೆ ಬಾಗಿಲು. ಸ್ವೀಡನ್ 1993ರಲ್ಲೇ ಇದಕ್ಕೆ ನಿಯಮ ಮಾಡಿತು. ಜಪಾನ್ ಮತ್ತು ದಕ್ಷಿಣ ಕೊರಿಯಾ 2019ರಲ್ಲಿ ಕಾನೂನು ತಂದವು. ಉದ್ಯೋಗದ ಜಾಗದ ಹಿಂಸೆ, ಕಿರುಕುಳದ ವಿರುದ್ಧ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಅದೇ ವರ್ಷ ಒಪ್ಪಂದ ಸಂಖ್ಯೆ 190 ಮಾಡಿತು. ಭಾರತ ಅದನ್ನು ಇನ್ನೂ ಅಂಗೀಕರಿಸಿಲ್ಲ.

ಕಾನೂನು ಇದ್ದರೂ ನಾವು ಬಾಯಿ ಬಿಡುತ್ತೇವಾ ಎಂಬುದು ಬೇರೆ ಪ್ರಶ್ನೆ. ಮಂಗಳೂರು, ಉಡುಪಿ ಎಷ್ಟೇ ಬೆಳೆದರೂ ಪರಿಚಯದ ಊರುಗಳೇ. ಇವತ್ತು ಯಾರ ಮೇಲೆ ದೂರು ಕೊಟ್ಟೆವೋ ಆ ಮೇಲಧಿಕಾರಿ ನಾಳೆ ಯಾರದೋ ಮದುವೆಯ ಊಟದ ಸಾಲಿನಲ್ಲಿ ಎದುರು ಕೂತಿರುತ್ತಾರೆ. ‘ಅವರ ಸ್ವಭಾವವೇ ಹಾಗೆ, ಮನಸ್ಸಿನಲ್ಲಿ ಏನಿಲ್ಲ ಮಾರಾಯ್ರೆ’ ಎಂಬ ಮಾತು ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತದೆ. ಈ ಮಾತು ನನಗೆ ತುಂಬ ನೋವು ಕೊಟ್ಟಿದೆ. ಅವರ ಮನಸ್ಸಿನಲ್ಲಿ ಏನಿಲ್ಲದಿರಬಹುದು. ನನ್ನ ಮನಸ್ಸಿನಲ್ಲಿ ಉಳಿಯುತ್ತದಲ್ಲ? ಮನೆ ಸಾಲ, ಮಕ್ಕಳ ಫೀಸು, ‘ಸಿಕ್ಕಿದ ಕೆಲಸ ಬಿಟ್ಟನಂತೆ’ ಎಂಬ ಮಾತಿನ ಭಯ, ಇದೆಲ್ಲ ಸೇರಿ ಜನ ಸುಮ್ಮನಾಗುತ್ತಾರೆ.

ಸುಮ್ಮನೆ ನೋಡುತ್ತಾ ಕೂತವರಿಗೂ ಪೆಟ್ಟು ಬೀಳುತ್ತದೆ. ಬೇರೆಯವರ ಮೇಲೆ ನಡೆಯುವ ಉಪದ್ರವನ್ನು ದಿನವೂ ಕಾಣುವವರಲ್ಲೂ ಒತ್ತಡ ಹೆಚ್ಚುತ್ತದೆ, ಕೆಲಸ ಬಿಡುವ ಯೋಚನೆ ಹೆಚ್ಚುತ್ತದೆ. ನಾಳೆ ತನ್ನ ಸರದಿ ಎಂದು ಅವರಿಗೂ ಗೊತ್ತಿರುತ್ತದೆ.

ನನ್ನ ಸೋಮವಾರ ಬದಲಾದದ್ದು ಅಂಥ ಒಬ್ಬರಿಂದ. ನನಗಿಂತ ತುಂಬ ಹಿರಿಯರು, ನಿವೃತ್ತಿಗೆ ಹತ್ತಿರ ಇದ್ದವರು. ಒಂದು ದಿನ ನಾನು ಎದ್ದು ನಿಲ್ಲುತ್ತಿದ್ದಾಗ ತಲೆ ಎತ್ತದೆಯೇ ಹೇಳಿದರು, ‘ಸರ್, ಅದನ್ನು ಕೂತೇ ಓದ್ಬಹುದಲ್ವಾ? ನಾವೆಲ್ಲ ಕೂತೇ ಇದ್ದೇವೆ.’ ದನಿ ಏರಿಸಿರಲಿಲ್ಲ. ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟು ಬೇರೆ ಇಲ್ಲ. ನಾನು ಕೂತೆ. ಕೂತೇ ಓದಿದೆ, ಒಂದೇ ಸಲ. ಮುಂದಿನ ವಾರದಿಂದ ನಿಲ್ಲಿಸುವುದು ನಿಂತಿತು. ಬೇರೆ ಉಪದ್ರಗಳು ನಿಲ್ಲಲಿಲ್ಲ, ಅದೇ ವರ್ಷ ನಾನು ಕೆಲಸ ಬಿಟ್ಟೆ. ಆದರೆ ಆ ಸೋಮವಾರ ರಾತ್ರಿ ಊಟ ರುಚಿಸಿತು.

ಈಚೆಗೆ ಎಷ್ಟೋ ಕಚೇರಿಗಳಲ್ಲಿ ಒತ್ತಡ ನಿವಾರಣೆಗೆ ಎಂದು ಯೋಗ, ಧ್ಯಾನದ ತರಗತಿ ಇಡುತ್ತಾರೆ. ಯೋಗದಿಂದ ಒಳ್ಳೆಯದೇ ಆಗುತ್ತದೆ. ಆದರೆ ಉಪದ್ರ ನಡೆಯುವ ಕಚೇರಿಯಲ್ಲಿ ಅದನ್ನು ಪರಿಹಾರವೆಂದು ಕೊಟ್ಟರೆ, ಸರಿಯಾಗಬೇಕಾದವನು ಪೆಟ್ಟು ತಿಂದವನೇ ಎಂದ ಹಾಗಾಗುತ್ತದೆ. ಕಚೇರಿಗಳು ಮಾಡಬಹುದಾದದ್ದು ಇನ್ನೂ ಸುಲಭದ್ದು, ಖರ್ಚೂ ಇಲ್ಲ. ಅಂಕಿಗಳನ್ನು ಗ್ರೂಪಿನಲ್ಲಿ ಹಾಕದೆ ಅವರವರಿಗೆ ಕಳಿಸಬಹುದು. ರಜೆ ರದ್ದು ಮಾಡಿದರೆ ಕಾರಣ ಬರೆದು ಕೊಡಬಹುದು. ತನ್ನ ಮೇಲಧಿಕಾರಿಯ ಮೇಲಿನ ದೂರನ್ನು ಅವರ ಕೈಗೇ ಕೊಡಬೇಕಾದ ಪರಿಸ್ಥಿತಿ ತಪ್ಪಿಸಬಹುದು. ಒಂದೇ ವಿಭಾಗದಿಂದ ಜನ ಮತ್ತೆ ಮತ್ತೆ ಕೆಲಸ ಬಿಡುತ್ತಿದ್ದರೆ ಯಾಕೆಂದು ಕೇಳಬಹುದು.

ಈಗ ಅನುಭವಿಸುತ್ತಿರುವವರಿಗೆ ಒಂದು ಮಾತು. ಬರೆದಿಡಿ. ತಾರೀಕು, ಹೊತ್ತು, ಆಡಿದ ಮಾತು, ಅಲ್ಲಿ ಯಾರಿದ್ದರು. ಆಫೀಸಿನ ಕಂಪ್ಯೂಟರಿನಲ್ಲಿ ಬೇಡ, ನಿಮ್ಮದೇ ಪುಸ್ತಕದಲ್ಲಿ. ಬಾಯಿಮಾತಿನಲ್ಲಿ ಬಂದ ವಿಚಿತ್ರ ಆದೇಶಕ್ಕೆ ‘ನೀವು ಹೇಳಿದಂತೆ ಹೀಗೆ ಮಾಡುತ್ತಿದ್ದೇನೆ’ ಎಂದು ಒಂದು ಸಾಲಿನ ಮೇಲ್ ಹಾಕಿ. ನಾನು ಇದನ್ನು ಆರನೇ ತಿಂಗಳಿನಲ್ಲಿ ಶುರು ಮಾಡಿದೆ, ಮೊದಲನೇ ತಿಂಗಳಿನಲ್ಲೇ ಮಾಡಬೇಕಿತ್ತು. ಬರೆದಿಟ್ಟದ್ದನ್ನು ಓದಿದಾಗಲೇ ನನಗೆ ಗೊತ್ತಾದದ್ದು, ಇದು ನನ್ನ ಕಲ್ಪನೆ ಅಲ್ಲ ಎಂದು.

ಮತ್ತು ಮನೆಯವರಲ್ಲಿ ಒಬ್ಬರಿಗಾದರೂ ಪೂರ್ತಿ ಹೇಳಿ. ‘ಕೆಲಸ ಜಾಸ್ತಿ’ ಎಂದು ಹೇಳಬೇಡಿ, ಆದದ್ದನ್ನೇ ಹೇಳಿ. ನಿದ್ರೆ ಎರಡು ವಾರಕ್ಕಿಂತ ಜಾಸ್ತಿ ಕೆಟ್ಟಿದ್ದರೆ, ಬದುಕೇ ಬೇಡ ಎಂಬ ಯೋಚನೆ ಒಂದು ಸಲ ಬಂದಿದ್ದರೂ, ಡಾಕ್ಟರ ಹತ್ತಿರ ಹೋಗಿ. ಹೋಗಲು ಮುಜುಗರವಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಉಂಟು, 14416. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಭಾನುವಾರ ರಾತ್ರಿ ಎರಡು ಗಂಟೆಗೂ ಆ ಕಡೆ ಫೋನ್ ಎತ್ತುವವರು ಇರುತ್ತಾರೆ.